ಎದೆನೋವಿಲ್ಲದ ಹೃದ್ರೋಗ: ಮಧುಮೇಹಿಗಳ ತಪಾಸಣೆಯಲ್ಲಿ ಸದಸ್ಯರ ಹೊಣೆ



ಕೊನೆಕೊಯ್ಲಿನ ದಿನಗಳಲ್ಲಿ ತೋಟದಿಂದ ಧರೆ ಹತ್ತಿ ಮನೆಗೆ ಮರಳುವ ಕೃಷಿಕರೊಬ್ಬರನ್ನು ಊಹಿಸಿಕೊಳ್ಳೋಣ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಈಚೆಗೆ ಅರ್ಧ ದಾರಿಯಲ್ಲೇ ಏದುಸಿರು. ಎದೆನೋವು ಮಾತ್ರ ಇಲ್ಲ. ವಯಸ್ಸಿನ ದಣಿವೆಂದೋ ಗ್ಯಾಸ್ ಎಂದೋ ಮನೆಯವರು ಸುಮ್ಮನಾಗುತ್ತಾರೆ. ಆದರೆ ಇದು ಹೃದ್ರೋಗದ ಸೂಚನೆಯೂ ಆಗಿರಬಹುದು.

1. ನೋವೇಕೆ ತಿಳಿಯುವುದಿಲ್ಲ?

ದೀರ್ಘಕಾಲದ ಮಧುಮೇಹವು ನರಗಳನ್ನು ದುರ್ಬಲಗೊಳಿಸುತ್ತದೆ. ಹೃದಯದ ನೋವನ್ನು ತಿಳಿಸುವ ನರಗಳೂ ಇದಕ್ಕೆ ಹೊರತಲ್ಲ. ಆದ್ದರಿಂದ ಕೆಲವರಿಗೆ ಹೃದಯಾಘಾತವಾದಾಗಲೂ ಎದೆನೋವು ಬರುವುದಿಲ್ಲ. ಉಸಿರುಗಟ್ಟುವಿಕೆ, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ತೀವ್ರ ಆಯಾಸ ಇವೇ ಅದರ ಲಕ್ಷಣಗಳಾಗುತ್ತವೆ. ಮಧುಮೇಹಿಗಳಿಗೆ ಹೃದ್ರೋಗದ ಅಪಾಯವು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು.

2. ಯಾವ ತಪಾಸಣೆ?

ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯ ನಿರೋಗಿ ಎನ್ನಲಾಗದು. ಲಕ್ಷಣವಿಲ್ಲದ ಎಲ್ಲ ಮಧುಮೇಹಿಗಳಿಗೂ ದುಬಾರಿ ಸ್ಕ್ಯಾನ್ ಮಾಡಿಸುವುದರಿಂದ ಹೃದಯಾಘಾತಗಳು ಕಡಿಮೆಯಾಗುತ್ತವೆ ಎಂಬುದೂ ಸಾಬೀತಾಗಿಲ್ಲ. ಮುಖ್ಯವಾದುದು ರಕ್ತದೊತ್ತಡ, ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ ಹಾಗೂ ಮೂತ್ರದ ಪ್ರೋಟೀನ್ ಪರೀಕ್ಷೆ. ಬೀಡಿ ಮತ್ತು ಕವಳದ ತಂಬಾಕಿನ ತ್ಯಾಗ. ವೈದ್ಯರು ಸೂಚಿಸಿದ ಮಾತ್ರೆಗಳನ್ನು ನಿಲ್ಲಿಸದಿರುವುದು. ಏದುಸಿರು ಮೊದಲಾದ ಲಕ್ಷಣವಿದ್ದವರಿಗೆ ವೈದ್ಯರ ಸಲಹೆಯಂತೆ ಇಸಿಜಿ, ಎಕೋ ಪರೀಕ್ಷೆಗಳು ಅಗತ್ಯ.

3. ನಮ್ಮ ತಾಲ್ಲೂಕುಗಳಲ್ಲಿ ಏಕೆ ತುರ್ತು?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಒಳಹಳ್ಳಿಗಳ ರೋಗಿಗಳು ಉನ್ನತ ಹೃದಯ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಿನತ್ತ ಸಾಗಬೇಕಾಗುತ್ತದೆ. ಆಘಾತವಾದಾಗ ಕಳೆಯುವ ಪ್ರತಿ ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಇಸಿಜಿ ಆಧರಿಸಿ ತಜ್ಞರ ಸಲಹೆ ಪಡೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.

4. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

ಅ) 30 ವರ್ಷ ಮೀರಿದ ಎಲ್ಲರೂ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆಗೆ ಒಳಗಾಗುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ಸಹಕರಿಸುವುದು.

ಆ) ವಾರ್ಡಿನಲ್ಲಿ ಔಷಧ ನಿಲ್ಲಿಸಿದ ಮಧುಮೇಹಿಗಳನ್ನು ಸಮುದಾಯ ಆರೋಗ್ಯ ಅಧಿಕಾರಿಗಳ ಬಳಿಗೆ ಕಳುಹಿಸುವುದು. ಅವರ ಹೆಸರು, ಕಾಯಿಲೆಯ ವಿವರಗಳನ್ನು ಸಭೆಯಲ್ಲಿ ಓದಬಾರದು.

ಇ) ಇಸಿಜಿ ಹಾಗೂ ಚುಚ್ಚುಮದ್ದು ಸಮೀಪದಲ್ಲಿ ಎಲ್ಲಿ ಲಭ್ಯವೆಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ತಿಳಿದು, 108ರ ಸಂಖ್ಯೆಯೊಂದಿಗೆ ಪಂಚಾಯಿತಿ ಫಲಕದಲ್ಲಿ ಬರೆಸುವುದು.

ಈ) ಮೊಬೈಲ್ ಸಿಗ್ನಲ್ ಸಿಗದ ಮಜರೆಗಳಿಂದ ರಾತ್ರಿ ವೇಳೆ ರೋಗಿಯನ್ನು ಸಾಗಿಸಲು ವಾಹನವುಳ್ಳವರ ಪಟ್ಟಿಯನ್ನು ಮುಂಚಿತವಾಗಿ ಸಿದ್ಧಪಡಿಸುವುದು.

ಚರ್ಚೆಗೆ: ತಮ್ಮ ವಾರ್ಡಿನ ಅತಿ ದೂರದ ಮನೆಯಿಂದ ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ಮಳೆಗಾಲದ ರಾತ್ರಿ ತಲುಪಲು ಎಷ್ಟು ಹೊತ್ತು ಬೇಕು? ಮುಂದಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಸಭೆಯಲ್ಲಿ ಉತ್ತರ ಕಂಡುಕೊಳ್ಳಿರಿ.