ಕೆಲಸ ಹೋದಾಗ, ಮಗು ಬಂದಾಗ: ಅಮೆರಿಕದಲ್ಲಿ ನಡುವರ್ಷದ ಹೆಲ್ತ್ ಇನ್ಶೂರೆನ್ಸ್

ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿರುವವರಿಗೆ ಲೇಆಫ್ ಆದ ದಿನ ಮೊದಲು ನೆನಪಾಗುವುದು ಇಮಿಗ್ರೇಷನ್ ವಕೀಲರು. ಅದು ಸಹಜ. ಹೆಚ್ಚೆಂದರೆ 60 ದಿನಗಳ ರಿಯಾಯಿತಿ ಅವಧಿಯೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಲು ಅರ್ಜಿ ಕೊಡಬೇಕು, ಎರಡೂ ಆಗದಿದ್ದರೆ ಊರಿಗೆ ಹೊರಡಬೇಕು. ಈ ಗಡಿಬಿಡಿಯಲ್ಲಿ ಇನ್ಶೂರೆನ್ಸ್ ಮಾತು ಹಿಂದೆ ಬೀಳುತ್ತದೆ. ಆದರೆ ಅದಕ್ಕೂ ಇಷ್ಟೇ ಬಿಗಿಯಾದ ಗಡುವುಗಳಿವೆ. ಅವು ವೀಸಾದ ಗಡುವು ಶುರುವಾದ ದಿನವೇ ಶುರುವಾಗುವುದಿಲ್ಲ, ಎಲ್ಲವೂ ಒಂದೇ ಉದ್ದದವೂ ಅಲ್ಲ.

ಅಮೆರಿಕದಲ್ಲಿ ಹೆಲ್ತ್ ಇನ್ಶೂರೆನ್ಸನ್ನು ಬೇಕೆಂದಾಗ ಕೊಳ್ಳಲಾಗುವುದಿಲ್ಲ. ಒಬಾಮಾ ಕೇರ್ ಎಂದು ಜನ ಕರೆಯುವ 2010ರ ಕಾಯ್ದೆಯ ಪ್ರಕಾರ, ಮೊದಲೇ ಕಾಯಿಲೆ ಇದೆ ಎಂಬ ಕಾರಣಕ್ಕೆ ಕಂಪನಿಗಳು ಯಾರನ್ನೂ ನಿರಾಕರಿಸುವಂತಿಲ್ಲ. ಹಾಗಿರುವಾಗ ಕಾಯಿಲೆ ಬಿದ್ದ ಮೇಲೆ ಪಾಲಿಸಿ ಕೊಂಡು, ಗುಣವಾದ ಮೇಲೆ ಬಿಡುವುದನ್ನು ತಡೆಯಬೇಕಲ್ಲ, ಅದಕ್ಕಾಗಿ ವರ್ಷಕ್ಕೊಂದು ಓಪನ್ ಎನ್‌ರೋಲ್‌ಮೆಂಟ್ ಅವಧಿ. ಕೇಂದ್ರ ಸರ್ಕಾರದ ಹೆಲ್ತ್‌ಕೇರ್ ಡಾಟ್ ಗವ್ ತಾಣದಲ್ಲಿ 2026ರ ಪಾಲಿಸಿಗಳಿಗೆ ಇದು 2025ರ ನವೆಂಬರ್ 1ರಿಂದ 2026ರ ಜನವರಿ 15ರವರೆಗೆ ಇತ್ತು. ಕಂಪನಿಗಳು ತಮ್ಮ ನೌಕರರಿಗೆ ಕೊಡುವ ಪ್ಲಾನ್‌ಗಳಿಗೆ ಬೇರೆ ಅವಧಿ, ಹೆಚ್ಚಾಗಿ ಅಕ್ಟೋಬರ್–ನವೆಂಬರ್ ಹೊತ್ತಿಗೆ.

ಆ ಅವಧಿ ಮುಗಿದ ಮೇಲೆ ಬದುಕು ತಲೆಕೆಳಗಾದವರಿಗೆ ಕಾನೂನು ಬಿಟ್ಟಿರುವ ದಾರಿಗೆ ಸ್ಪೆಷಲ್ ಎನ್‌ರೋಲ್‌ಮೆಂಟ್ ಎಂದು ಹೆಸರು. ಕೆಲಸದ ಜೊತೆಗಿದ್ದ ಇನ್ಶೂರೆನ್ಸ್ ಹೋಗುವುದು, ಮದುವೆ, ಹೆರಿಗೆ, ದತ್ತು, ಊರು ಬದಲಾವಣೆ, ಹೊರದೇಶದಿಂದ ಬಂದು ನೆಲೆಸುವುದು, ಹೀಗೆ ಕೆಲವು ಘಟನೆಗಳಿಗಷ್ಟೇ ಅದು ತೆರೆಯುತ್ತದೆ. ಹೆಲ್ತ್‌ಕೇರ್ ಡಾಟ್ ಗವ್‌ನಂಥ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಪಾಲಿಸಿ ಕೊಳ್ಳಲು ಸಾಮಾನ್ಯವಾಗಿ 60 ದಿನ ಇರುತ್ತದೆ. ಕಂಪನಿಯ ಪ್ಲಾನ್‌ಗೆ ಸೇರಲು 1996ರ ಹಿಪಾ ಕಾಯ್ದೆ ಖಾತ್ರಿಪಡಿಸಿರುವುದು 30 ದಿನ ಮಾತ್ರ. ಕಂಪನಿ ಹೆಚ್ಚು ಕೊಟ್ಟರೆ ಅದು ಅದರ ಔದಾರ್ಯ. ‘60 ದಿನ ಇದೆಯಲ್ಲ’ ಎಂದು ನಿಧಾನ ಮಾಡಿ, ಗಂಡನ ಅಥವಾ ಹೆಂಡತಿಯ ಕಂಪನಿಯ ಅಗ್ಗದ ಪ್ಲಾನ್ ಕಳೆದುಕೊಂಡವರು ನಮ್ಮವರಲ್ಲಿ ಕಡಿಮೆಯೇನಲ್ಲ.

ಒಂದು ಉದಾಹರಣೆ ನೋಡಿ. ನಿಮ್ಮ ಕೆಲಸ ಏಪ್ರಿಲ್ 10ಕ್ಕೆ ಕೊನೆಯಾಯಿತು, ಇನ್ಶೂರೆನ್ಸ್ ತಿಂಗಳ ಕೊನೆಯವರೆಗೆ, ಅಂದರೆ ಏಪ್ರಿಲ್ 30ರವರೆಗೆ ಇದೆ ಎಂದುಕೊಳ್ಳಿ. ವೀಸಾದ 60 ದಿನ ಏಪ್ರಿಲ್ 10ರಿಂದ ಓಡುತ್ತದೆ, ಜೂನ್ 9ಕ್ಕೆ ಮುಗಿಯುತ್ತದೆ. ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದೆಂದು ತೋರಿಸುವ ನಿಮ್ಮ ಐ-94 ದಾಖಲೆ ಅದಕ್ಕಿಂತ ಮೊದಲೇ ಮುಗಿದರೆ ಆ ದಿನಕ್ಕೇ ನಿಲ್ಲುತ್ತದೆ. ಮಾರ್ಕೆಟ್‌ಪ್ಲೇಸ್‌ನ 60 ದಿನದ ಲೆಕ್ಕ ಶುರುವಾಗುವುದು ಇನ್ಶೂರೆನ್ಸ್ ನಿಂತ ದಿನದಿಂದ, ಆದ್ದರಿಂದ ಜೂನ್ 29ರವರೆಗೆ ಅವಕಾಶವಿದೆ. ಹೆಂಡತಿಯ ಕಂಪನಿ ಪ್ಲಾನ್‌ಗೆ ಸೇರುವುದಾದರೆ ಮೇ 30 ಕೊನೆಯ ದಿನ. ಕೆಲವು ಕಂಪನಿಗಳಲ್ಲಿ ಇನ್ಶೂರೆನ್ಸ್ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ಆಗ ಇನ್ಶೂರೆನ್ಸಿನ ಎಲ್ಲ ತಾರೀಖುಗಳೂ ಇನ್ನೂ ಮುಂಚೆ ಬರುತ್ತವೆ. ಆದ್ದರಿಂದ ಎಚ್‌ಆರ್‌ನವರನ್ನು ‘ನನ್ನ ಕೊನೆಯ ಕೆಲಸದ ದಿನ ಯಾವುದು’ ಎಂದು ಕೇಳಿದರೆ ಸಾಲದು, ‘ನನ್ನ ಮತ್ತು ಮನೆಯವರ ಕವರೇಜ್ ಯಾವ ದಿನಕ್ಕೆ ನಿಲ್ಲುತ್ತದೆ’ ಎಂದು ಕೇಳಿ ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ. ಮುಂದೆ ಮಾರ್ಕೆಟ್‌ಪ್ಲೇಸ್ ಕೇಳುವ ಪುರಾವೆಯೂ ಇದೇ.

ಕವರೇಜ್ ನಿಲ್ಲುವುದಕ್ಕೆ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಏಪ್ರಿಲ್ 30ರೊಳಗೆ ಪ್ಲಾನ್ ಆರಿಸಿದರೆ ಹೊಸ ಪಾಲಿಸಿ ಮೇ 1ಕ್ಕೆ ಶುರು. ಮೇ 20ಕ್ಕೆ ಆರಿಸಿದರೆ ಅದು ಜೂನ್ 1ಕ್ಕೆ, ಮೇ ತಿಂಗಳಿಡೀ ನೀವು ಬರಿಗೈ.

ಆ ನಡುವಿನ ಖಾಲಿಯನ್ನು ತುಂಬಲು ಕೋಬ್ರಾ ಇದೆ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೆಲಸ ಹೋದ ಮೇಲೂ ಅದೇ ಪ್ಲಾನನ್ನು 18 ತಿಂಗಳವರೆಗೆ ಉಳಿಸಿಕೊಳ್ಳುವ ಹಕ್ಕು ನಿಮ್ಮದು. ಬೆಲೆ ಕೇಳಿ ಎದೆ ಒಡೆದುಕೊಳ್ಳಬೇಡಿ: ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ, ಮೇಲೆ ನಿರ್ವಹಣೆಗೆಂದು ಎರಡು ಪರ್ಸೆಂಟ್ ಹಾಕಿ, ಪ್ರೀಮಿಯಂನ 102 ಪರ್ಸೆಂಟ್‌ವರೆಗೆ ಕೇಳಬಹುದು. ಆದರೆ ಇದರ ಒಳಗೊಂದು ಅನುಕೂಲವಿದೆ. ಕೋಬ್ರಾ ಬೇಕೋ ಬೇಡವೋ ಎಂದು ತೀರ್ಮಾನಿಸಲು 60 ದಿನ, ಒಪ್ಪಿದ ಮೇಲೆ ಮೊದಲ ಕಂತು ಕಟ್ಟಲು 45 ದಿನ ಸಿಗುತ್ತದೆ. ಒಪ್ಪಿ, ಹಿಂದಿನ ತಿಂಗಳ ಹಣವನ್ನೂ ಕಟ್ಟಿದರೆ ಕವರೇಜ್ ನಿಂತ ದಿನದಿಂದಲೇ ಜಾರಿಯಾಗುತ್ತದೆ. ಅಂದರೆ ಆ 60 ದಿನಗಳಲ್ಲಿ ಏನೂ ಆಗದಿದ್ದರೆ ದುಡ್ಡು ಉಳಿಯಿತು, ಅಪಘಾತವಾಗಿ ಆಸ್ಪತ್ರೆ ಸೇರಿದರೆ ಆಗ ಒಪ್ಪಿಗೆ ಕೊಡಬಹುದು. ಇದು ಕಾನೂನು ಕೊಟ್ಟಿರುವ ಅವಕಾಶವೇ, ಕಳ್ಳದಾರಿಯಲ್ಲ.

ನವೆಂಬರ್ ಸುಮಾರಿಗೆ ಕೆಲಸ ಹೋಗಿ, ಆ ವರ್ಷದ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನೀವೇ ಭರಿಸಬೇಕಾದ ಮೊತ್ತ) ಆಗಲೇ ಮುಗಿದಿದ್ದರೆ ಕೋಬ್ರಾ ದುಬಾರಿಯಾದರೂ ಲಾಭವೇ ಇರಬಹುದು, ಏಕೆಂದರೆ ಹೊಸ ಪಾಲಿಸಿಯಲ್ಲಿ ಡಿಡಕ್ಟಿಬಲ್ ಸಾಮಾನ್ಯವಾಗಿ ಸೊನ್ನೆಯಿಂದ ಶುರು. ಅದೇ ಮಾರ್ಚ್‌ನಲ್ಲಾದರೆ ಮಾರ್ಕೆಟ್‌ಪ್ಲೇಸ್ ನೋಡುವುದೇ ಮೇಲು. ಇಲ್ಲೊಂದು ಬಲೆ ಇದೆ. ಕೋಬ್ರಾ ತೆಗೆದುಕೊಂಡು ಐದಾರು ತಿಂಗಳು ಕಟ್ಟಿ, ಸಾಕಾಯಿತೆಂದು ನಡುವೆ ಬಿಟ್ಟರೆ ಮಾರ್ಕೆಟ್‌ಪ್ಲೇಸ್ ಬಾಗಿಲು ತೆರೆಯುವುದಿಲ್ಲ. ಸ್ವಂತ ಇಚ್ಛೆಯಿಂದ ಬಿಟ್ಟದ್ದು, ಪ್ರೀಮಿಯಂ ಕಟ್ಟದೆ ರದ್ದಾದದ್ದು ಎರಡನ್ನೂ ಕಾನೂನು ‘ಕಳೆದುಕೊಂಡದ್ದು’ ಎಂದು ಎಣಿಸುವುದಿಲ್ಲ. ಮುಂದಿನ ಓಪನ್ ಎನ್‌ರೋಲ್‌ಮೆಂಟ್‌ವರೆಗೆ ಕಾಯಬೇಕು. ಕೋಬ್ರಾದ ಅವಧಿಯೇ ಮುಗಿದರೆ, ಇಲ್ಲವೇ ಹಳೇ ಕಂಪನಿ ಕಟ್ಟುತ್ತಿದ್ದ ಪಾಲನ್ನು ನಿಲ್ಲಿಸಿದರೆ ಮಾತ್ರ ಮತ್ತೆ ಅವಕಾಶ.

ಇನ್ನು ಹೆರಿಗೆ. ಆಸ್ಪತ್ರೆಯಲ್ಲೇ ಜನನ ನೋಂದಣಿಗೆ, ಸೋಷಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಬರೆಸಿಕೊಳ್ಳುತ್ತಾರೆ. ಅದರ ಜೊತೆಗೆ ಇನ್ಶೂರೆನ್ಸೂ ಆಯಿತು ಎಂದು ಅನೇಕ ಅಪ್ಪಂದಿರು ತಿಳಿದಿರುತ್ತಾರೆ. ಆಗಿರುವುದಿಲ್ಲ. ಮಗುವಿನ ಹೆಸರು ಸೇರಿಸಿ ಎಂದು ಕಂಪನಿಗೆ 30 ದಿನದೊಳಗೆ ನೀವೇ ಕೇಳಬೇಕು; ಮಾರ್ಕೆಟ್‌ಪ್ಲೇಸ್ ಪಾಲಿಸಿಯಾದರೆ 60 ದಿನ. ಹೊತ್ತಿಗೆ ಸರಿಯಾಗಿ ಕೇಳಿದರೆ ಕವರೇಜ್ ಹುಟ್ಟಿದ ದಿನದಿಂದಲೇ ಲೆಕ್ಕ, ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದ ದಿನಗಳೂ ಅದರೊಳಗೆ ಬರುತ್ತವೆ. ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಅಂಚೆಯಲ್ಲಿ ಬರಲಿ ಎಂದು ಕಾಯುತ್ತ ಕೂತರೆ ಗಡುವು ದಾಟೀತು. ನಂಬರ್ ಆಮೇಲೆ ಕೊಡುತ್ತೇನೆಂದು ಬರೆದು ಹೆಸರು ಸೇರಿಸಿ. ಊರಿಂದ ಅಜ್ಜಿ ಬಾಣಂತನಕ್ಕೆ ಬಂದು, ರಾತ್ರಿ ನಿದ್ದೆಯಿಲ್ಲದೆ ಯಾವ ವಾರವೆಂದು ಮರೆತುಹೋಗುವ ಕಾಲ ಅದು, ಹಾಗಾಗಿ ಹೆರಿಗೆಗೆ ಮೊದಲೇ ಫಾರಂ ಎಲ್ಲಿ ಸಿಗುತ್ತದೆ ಎಂದು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಮಗು ಹುಟ್ಟಿದ್ದರಿಂದ ತಾಯಿ ತಂದೆಗೂ ಹಕ್ಕು ಬರುತ್ತದೆ: ಇದುವರೆಗೆ ಕಂಪನಿ ಪ್ಲಾನ್‌ನಲ್ಲಿ ಇಲ್ಲದ, ಎಚ್-4 (ಎಚ್-1ಬಿಯವರ ಕುಟುಂಬಕ್ಕೆ ಸಿಗುವ ವೀಸಾ) ಮೇಲಿರುವ ಹೆಂಡತಿಯನ್ನೂ ಇದೇ ನೆಪದಲ್ಲಿ ಸೇರಿಸಬಹುದು. ಬಸುರಿಯಾದದ್ದಕ್ಕೇ ಅವಕಾಶ ಇದೆಯೇ ಎಂದರೆ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ಇಲ್ಲ. ನ್ಯೂಯಾರ್ಕ್, ಕನೆಟಿಕಟ್‌ನಂಥ ಕೆಲವು ರಾಜ್ಯಗಳು ತಮ್ಮ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಕೊಟ್ಟಿವೆ.

ಮದುವೆಯ ವಿಚಾರ ಇನ್ನೂ ತೊಡಕಿನದು. ಡಿಸೆಂಬರ್ ರಜೆಯಲ್ಲಿ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಮದುವೆ, ಗಂಡು ಎರಡು ವಾರಕ್ಕೆ ವಾಪಸು, ಹೆಣ್ಣು ಎಚ್-4 ಸ್ಟ್ಯಾಂಪಿಂಗ್‌ಗೆ ಕಾಯುತ್ತ ಊರಲ್ಲಿ. ಅವಳು ವಿಮಾನ ಇಳಿಯುವಷ್ಟರಲ್ಲಿ ಮೂರು ತಿಂಗಳಾಗಿರುತ್ತದೆ. ಹಿಪಾದ 30 ದಿನ ಎಣಿಸುವುದು ಮದುವೆಯ ದಿನದಿಂದ, ಅಮೆರಿಕಕ್ಕೆ ಬಂದ ದಿನದಿಂದಲ್ಲ. ಎಷ್ಟೋ ಕಂಪನಿಗಳು ಸಂಗಾತಿ ದೇಶಕ್ಕೆ ಬಂದ ದಿನವನ್ನೂ ಒಪ್ಪಿಕೊಳ್ಳುತ್ತವೆ, ಆದರೆ ಅದು ಆಯಾ ಕಂಪನಿಯ ಪ್ಲಾನ್ ದಾಖಲೆಯಲ್ಲಿ ಬರೆದಿರಬೇಕು. ಮದುವೆಗೆ ಹೊರಡುವ ಮೊದಲೇ ಎಚ್‌ಆರ್‌ಗೆ ಇದೊಂದು ಪ್ರಶ್ನೆ ಬರೆದು ಉತ್ತರ ಇಟ್ಟುಕೊಳ್ಳಿ. ಮದುವೆ ಪ್ರಮಾಣಪತ್ರ ಕೇಳುತ್ತಾರಾದ್ದರಿಂದ ಉಪ ನೋಂದಣಾಧಿಕಾರಿ ಕಚೇರಿಯ ಕೆಲಸವನ್ನು ರಜೆಯೊಳಗೇ ಮುಗಿಸಿ ಬನ್ನಿ. ಕಂಪನಿಯ ದಾರಿ ಮುಚ್ಚಿಹೋಗಿದ್ದರೆ ಹೊರದೇಶದಿಂದ ಬಂದು ನೆಲೆಸಿದವರಿಗಿರುವ ಮಾರ್ಕೆಟ್‌ಪ್ಲೇಸ್‌ನ 60 ದಿನ ಅವಳಿಗಿದೆ. ಪಾಸ್‌ಪೋರ್ಟಿನ ಮುದ್ರೆ, ಐ-94 ಪುರಾವೆಯಾಗುತ್ತವೆ. ಎಚ್-1ಬಿ, ಎಚ್-4, ಎಲ್, ಎಫ್-1 ವೀಸಾದವರೂ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಳ್ಳಲು ಅರ್ಹರು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಎಚ್-4 ಮಹಿಳೆಯರು ವೀಸಾ ದಾಖಲೆ ಕೊಟ್ಟು ಅರ್ಜಿ ಹಾಕಬಹುದು.

ವಿಸಿಟರ್ ವೀಸಾದ ಮೇಲೆ ಬಂದ ಅಪ್ಪ ಅಮ್ಮನಿಗೆ ಇದ್ಯಾವುದೂ ಇಲ್ಲ. ಅವರು ಇಲ್ಲಿ ನೆಲೆಸಲು ಬಂದವರಲ್ಲ. ಗ್ರೀನ್ ಕಾರ್ಡ್ ಪಡೆದು ಬಂದವರ ಸಂಗತಿ ಬೇರೆ. 65 ದಾಟಿದ್ದರೂ ಇಲ್ಲಿ ದುಡಿದ ದಾಖಲೆ ಇಲ್ಲದವರಿಗೆ ಐದು ವರ್ಷ ಸತತವಾಗಿ ವಾಸವಿರುವವರೆಗೆ ಮೆಡಿಕೇರ್ ಕೊಳ್ಳಲೂ ಬರುವುದಿಲ್ಲ. ಅಲ್ಲಿಯವರೆಗೆ ಮಾರ್ಕೆಟ್‌ಪ್ಲೇಸ್ ಪಾಲಿಸಿಯೇ ಗತಿ, ಬಂದ 60 ದಿನದೊಳಗೆ ತೆಗೆದುಕೊಳ್ಳಬೇಕು. ಮೊದಲು ವಿಸಿಟರ್ ಇನ್ಶೂರೆನ್ಸ್ ಮಾಡಿಸಿ, ಅದು ಮುಗಿದ ಮೇಲೆ ನೋಡೋಣ ಎನ್ನುವ ಲೆಕ್ಕ ಕೈಕೊಡುತ್ತದೆ. ಟ್ರಾವೆಲ್ ಪಾಲಿಸಿ, ಶಾರ್ಟ್ ಟರ್ಮ್ ಪಾಲಿಸಿ ಮುಗಿಯುವುದು ಹೊಸ ಅವಕಾಶ ತೆರೆಯುವ ಘಟನೆಯಲ್ಲ.

ಅಪ್ಪ ಅಮ್ಮನ ಪ್ಲಾನ್‌ನಲ್ಲಿರುವ ಮಕ್ಕಳಿಗೆ 26 ತುಂಬಿ ಕವರೇಜ್ ಹೋದಾಗ, ವಿಚ್ಛೇದನದಿಂದ ಕವರೇಜ್ ಹೋದಾಗ, ವಿದ್ಯಾರ್ಥಿಯ ವಿಶ್ವವಿದ್ಯಾಲಯದ ಪ್ಲಾನ್ ಪದವಿಯೊಂದಿಗೆ ಮುಗಿದಾಗಲೂ ಇದೇ 60 ದಿನದ ಅವಕಾಶ ಅನ್ವಯಿಸುತ್ತದೆ. ವಿಚ್ಛೇದನ ಮತ್ತು 26 ತುಂಬಿದ ಮಕ್ಕಳ ವಿಷಯದಲ್ಲಿ ಕೋಬ್ರಾ 36 ತಿಂಗಳವರೆಗೆ ಸಿಗುತ್ತದೆ, ಆದರೆ ಸುದ್ದಿಯನ್ನು ಪ್ಲಾನ್‌ನವರಿಗೆ ಮುಟ್ಟಿಸುವ ಹೊಣೆ ಮನೆಯವರದು.

ಅರ್ಜಿ ಹಾಕುವ ತಾಣ ನೀವಿರುವ ರಾಜ್ಯದ ಮೇಲೆ ನಿಂತಿದೆ. ಟೆಕ್ಸಾಸ್, ನಾರ್ತ್ ಕೆರೊಲಿನಾದವರಿಗೆ ಹೆಲ್ತ್‌ಕೇರ್ ಡಾಟ್ ಗವ್, ಕ್ಯಾಲಿಫೋರ್ನಿಯಾದವರಿಗೆ ಕವರ್ಡ್ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯವರಿಗೆ ಗೆಟ್ ಕವರ್ಡ್ ನ್ಯೂಜೆರ್ಸಿ. ಕೇಂದ್ರದ ತಾಣದಲ್ಲಿ ಪುರಾವೆ ಕೇಳಿದರೆ ಪ್ಲಾನ್ ಆರಿಸಿದ 30 ದಿನದೊಳಗೆ ಕೊಡಬೇಕು. ಅರ್ಜಿಯಲ್ಲಿ ‘ಅಮೆರಿಕನ್ ಇಂಡಿಯನ್’ ಎಂಬ ಪ್ರಶ್ನೆಗೆ ನಮ್ಮವರು ಹೌದು ಎಂದು ಒತ್ತುವ ಹಾಗಿಲ್ಲ, ಅದು ಅಲ್ಲಿನ ಮೂಲನಿವಾಸಿಗಳಿಗೆ. ಸುಳ್ಳಿಗೆ ಸಹಿ ಹಾಕಿದಂತಾಗುತ್ತದೆ. ಗೊಂದಲವಾದರೆ 1-800-318-2596ಕ್ಕೆ ಕರೆ ಮಾಡಿ, ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೆ ಹಣವಿಲ್ಲ. ಅರ್ಜಿ ತಿರಸ್ಕಾರವಾದರೆ ಪತ್ರ ಬಂದ 90 ದಿನದೊಳಗೆ ಮೇಲ್ಮನವಿ ಹಾಕುವ ಹಕ್ಕಿದೆ. ಕಂಪನಿ ಪ್ಲಾನ್‌ನ ತಕರಾರಾದರೆ ಕೇಂದ್ರ ಕಾರ್ಮಿಕ ಇಲಾಖೆಯ 1-866-444-3272ಕ್ಕೆ ಹೇಳಿಕೊಳ್ಳಿ.

ಮುಂದಿನ ದಿನಗಳ ಮಟ್ಟಿಗೆ ಒಂದು ಬದಲಾವಣೆ ಗಮನದಲ್ಲಿರಲಿ. 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಿಂದಾಗಿ, ಎಚ್-1ಬಿ, ಎಚ್-4, ಎಫ್-1ನಂಥ ವೀಸಾದವರಿಗೆ ಮಾರ್ಕೆಟ್‌ಪ್ಲೇಸ್ ಪ್ರೀಮಿಯಂ ಮೇಲೆ ಸಿಗುತ್ತಿದ್ದ ತೆರಿಗೆ ರಿಯಾಯಿತಿ 2027ರ ಜನವರಿ 1ರಿಂದ ನಿಲ್ಲುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಅದು ಮುಂದುವರಿಯುತ್ತದೆ. ಪಾಲಿಸಿ ಕೊಳ್ಳುವ ಹಕ್ಕು ಹೋಗಿಲ್ಲ, ಬೆಲೆ ಮಾತ್ರ ಪೂರ್ತಿ ನಿಮ್ಮದೇ. ಕೋಬ್ರಾವೋ ಮಾರ್ಕೆಟ್‌ಪ್ಲೇಸೋ ಎಂದು ತೂಗುವಾಗ ಹಳೇ ಲೆಕ್ಕ ನಂಬಬೇಡಿ, ರಿಯಾಯಿತಿ ಇಲ್ಲದ ದರವನ್ನೇ ಹಿಡಿದು ನೋಡಿ.