ವಿಷವೆನಿಸಿದ ಖನಿಜ

1817ರಲ್ಲಿ ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್, ಗಂಧಕಾಮ್ಲದ ಕಾರ್ಖಾನೆಯೊಂದರಲ್ಲಿ ತಳದಲ್ಲುಳಿದ ಕೆಂಪು ಗಷ್ಟನ್ನು ಪರೀಕ್ಷಿಸುತ್ತ ಹೊಸ ಮೂಲವಸ್ತುವೊಂದನ್ನು ಕಂಡುಹಿಡಿದನು. ಗ್ರೀಕರ ಚಂದ್ರದೇವತೆಯ ಹೆಸರಿನಿಂದ ಅದನ್ನು ಸೆಲೀನಿಯಮ್ ಎಂದು ಕರೆದನು. ಹೆಸರು ತಂಪಾದುದಾದರೂ ಅದಕ್ಕೆ ಬಂದ ಕೀರ್ತಿ ಮಾತ್ರ ಒಳ್ಳೆಯದಲ್ಲ. 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಕೆಲವೆಡೆ ದನಕುದುರೆಗಳ ಗೊರಸುಗಳು ಕಳಚಿ ಬೀಳುತ್ತಿದ್ದವು. ಅಲ್ಲಿಯ ಧಾನ್ಯವನ್ನು ತಿಂದ ಕೋಳಿಗಳ ಮೊಟ್ಟೆಗಳು ಮರಿಯಾಗುತ್ತಿರಲಿಲ್ಲ. ಒಡೆದು ನೋಡಿದರೆ ಒಳಗೆ ವಿಕಾರಗೊಂಡ ಭ್ರೂಣಗಳು. ಮಣ್ಣಿನ ಸೆಲೀನಿಯಮ್ ಪೈರಿನ ಮೂಲಕ ಪ್ರಾಣಿಗಳ ದೇಹವನ್ನು ಸೇರಿದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿತು.

ಇಂತಹ ವಸ್ತುವನ್ನು ಬೇಕೆಂದೇ ಕೋಳಿಯ ಆಹಾರದಲ್ಲಿ ಬೆರೆಸುವವರುಂಟೆ? ಉಂಟು. ಕೋಳಿಮರಿಗಳಿಗೆ ಒಂದು ವಿಚಿತ್ರ ರೋಗ ಬರುತ್ತಿತ್ತು. ಎದೆ ಮತ್ತು ಹೊಟ್ಟೆಯ ಚರ್ಮದಡಿ ಹಸಿರುನೀಲಿ ಬಣ್ಣದ ನೀರು ತುಂಬಿ ಮರಿಗಳು ಸಾಯುತ್ತಿದ್ದವು. ಅತ್ಯಲ್ಪ ಸೆಲೀನಿಯಮ್ ಕೊಟ್ಟರೆ ಈ ರೋಗ ತಲೆದೋರುವುದಿಲ್ಲವೆಂದು 1957ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದೇ ವರ್ಷ ಕ್ಲಾಸ್ ಷ್ವಾರ್ಟ್ಸ್ ಮತ್ತು ಕ್ಯಾಲ್ವಿನ್ ಫೋಲ್ಟ್ಸ್ ಎಂಬವರು ಇಲಿಗಳ ಪಿತ್ತಜನಕಾಂಗವನ್ನೂ ಅದು ಕಾಪಾಡುವುದೆಂದು ಕಂಡುಕೊಂಡರು. ವಿಷವೆಂದು ದೂರವಿಟ್ಟುದು ಬದುಕಿಗೆ ಅವಶ್ಯವಾದುದಾಗಿತ್ತು!

ಅದು ಕಾಪಾಡುವ ಬಗೆ ತಿಳಿಯಲು 1973ರವರೆಗೆ ಕಾಯಬೇಕಾಯಿತು. ಆಮ್ಲಜನಕವಿಲ್ಲದೆ ಜೀವವಿಲ್ಲ, ಆದರೆ ಜೀವಕೋಶಗಳು ಅದನ್ನು ಬಳಸುವಾಗ ಹೈಡ್ರೊಜನ್ ಪೆರಾಕ್ಸೈಡಿನಂತಹ ತೀಕ್ಷ್ಣ ವಸ್ತುಗಳೂ ಹುಟ್ಟುತ್ತವೆ. ಇವು ಕೋಶದ ಪೊರೆಯ ಕೊಬ್ಬನ್ನು ಕೆಡಿಸುತ್ತವೆ. ಎಣ್ಣೆ ಹಳತಾಗಿ ಕಮಟುವುದನ್ನು ಎಲ್ಲರೂ ಬಲ್ಲರು. ಪೊರೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಈ ಪೆರಾಕ್ಸೈಡುಗಳನ್ನು ನಿರಪಾಯಗೊಳಿಸುವ ಕಿಣ್ವವೊಂದರಲ್ಲಿ ಸೆಲೀನಿಯಮ್ ಅಂಗವಾಗಿದೆ. ಅದರ ಹೆಸರು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಪೊರೆಯೊಳಗೆ ‘ಇ’ ಜೀವಸತ್ವವು ಇದರ ಜೊತೆಗಾರ. ಬೆವರಲಾರದ ಕೋಳಿ ಬೇಸಗೆಯ ಧಗೆಯಲ್ಲಿ ಬಾಯ್ದೆರೆದು ಏದುಸಿರು ಬಿಡುವಾಗ ತೀಕ್ಷ್ಣ ವಸ್ತುಗಳ ಉತ್ಪತ್ತಿ ಹೆಚ್ಚುವುದರಿಂದ, ಈ ರಕ್ಷಣೆಯ ಅಗತ್ಯವೂ ಹೆಚ್ಚುತ್ತದೆ.

ಕಷ್ಟವಿರುವುದು ಅಳತೆಯಲ್ಲಿ. ಅಮೆರಿಕದಲ್ಲಿ ಒಂದು ಟನ್ ಆಹಾರಕ್ಕೆ ಬೆರೆಸಬಹುದಾದ ಸೆಲೀನಿಯಮ್ ಹೆಚ್ಚೆಂದರೆ 0.3 ಗ್ರಾಂ. ಅದು ಕೆಲವು ಗ್ರಾಮುಗಳಿಗೆ ಏರಿದರೆ ಮೊಟ್ಟೆ ಮರಿಯಾಗುವುದು ಕುಗ್ಗತೊಡಗುತ್ತದೆ. ಇಷ್ಟು ಇಕ್ಕಟ್ಟಾದ ದಾರಿ ಬೇರೆ ಪೋಷಕಗಳಲ್ಲಿ ಅಪರೂಪ. ಆದುದರಿಂದಲೇ ನ್ಯಾನೋಕಣಗಳ ಕಡೆಗೆ ವಿಜ್ಞಾನಿಗಳ ಗಮನ ಹರಿದಿದೆ. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ನೂರು ನ್ಯಾನೋಮೀಟರ್ ಅಗಲದ ಕಣಗಳನ್ನು ಸಾಲಾಗಿಟ್ಟರೆ ಕೋಳಿಯ ರಕ್ತದ ಒಂದು ಕೆಂಪುಕಣದ ಉದ್ದಕ್ಕೆ ನೂರಕ್ಕೂ ಹೆಚ್ಚು ಹಿಡಿಸುತ್ತವೆ. ಸಾಮಾನ್ಯವಾದ ಬೂದುಬಣ್ಣದ ಸೆಲೀನಿಯಮ್ಮನ್ನು ದೇಹ ಹೀರಿಕೊಳ್ಳುವುದು ಕಡಿಮೆ. ಅದೇ ವಸ್ತು ಇಷ್ಟು ಸೂಕ್ಷ್ಮವಾದಾಗ ಕೆಂಪಾಗಿ ತೋರುವುದಲ್ಲದೆ ದೇಹಕ್ಕೂ ಒದಗುತ್ತದೆ. ಚೀನಾದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅದರ ವಿಷಗುಣವು ಸೆಲೀನಿಯಮ್ ಲವಣದ ವಿಷಗುಣಕ್ಕಿಂತ ಕಡಿಮೆಯೆಂದು ಕಂಡುಬಂದಿತು. ಮಾಂಸದ ಕೋಳಿಗಳಿಗೆ ಕೊಟ್ಟಾಗ ಮೇಲೆ ಹೇಳಿದ ಕಿಣ್ವದ ಚಟುವಟಿಕೆ ಹಲವು ಪ್ರಯೋಗಗಳಲ್ಲಿ ಹೆಚ್ಚಿದೆ. ತೂಕ ಹೆಚ್ಚುವ ವಿಷಯದಲ್ಲಿ ಮಾತ್ರ ಎಲ್ಲ ಪ್ರಯೋಗಗಳೂ ಒಂದೇ ಮಾತನ್ನಾಡುವುದಿಲ್ಲ.

ಕೋಳಿಯ ದೇಹದಲ್ಲಿ ಉಳಿಯದ ಸೆಲೀನಿಯಮ್ ಹಿಕ್ಕೆಯೊಡನೆ ಗೊಬ್ಬರವಾಗಿ ಹೊಲವನ್ನು ಸೇರುತ್ತದೆ. 1983ರಲ್ಲಿ ಕ್ಯಾಲಿಫೋರ್ನಿಯದ ಕೆಸ್ಟರ್ಸನ್ ಜಲಾಶಯದ ನೀರುಹಕ್ಕಿಗಳ ಮರಿಗಳು ವಿಕಾರಗೊಂಡು ಹುಟ್ಟಿದುದು ಕಂಡುಬಂದಿತು. ಹೊಲಗಳಿಂದ ಬಸಿದುಬಂದ ನೀರಿನಲ್ಲಿ ಈ ಖನಿಜವೇ ತುಂಬಿತ್ತು.