ಬಾಯಿಮಾತಿನ ವಾಟ್ನಿ ನಿಲ್ಲುತ್ತದೆಯೇ?

ಸಂಕೇಶ್ವರದ ಓದುಗರೊಬ್ಬರ ಅಳಲು ಇದು: ಹಿರಣ್ಯಕೇಶಿ ದಂಡೆಯ ನಾಲ್ಕು ಎಕರೆ ಕಬ್ಬಿನ ಹೊಲ ಪಿತ್ರಾರ್ಜಿತ. ಅವರ ಮದುವೆ 1990ರಲ್ಲಿ ಆಯಿತು, ತಂದೆ ತೀರಿಕೊಂಡದ್ದು 1998ರಲ್ಲಿ. ‘ಅಪ್ಪ ಇದ್ದಾಗಲೇ ವಾಟ್ನಿ (ಆಸ್ತಿ ಹಂಚಿಕೆ) ಆಗ್ಯಾದ, ನಿನಗೇನೂ ಬರೂದಿಲ್ಲ’ ಎನ್ನುತ್ತಾರೆ ಅಣ್ಣಂದಿರು. ಕಾಗದ ಮಾತ್ರ ತೋರಿಸುತ್ತಿಲ್ಲ.

ಕಾಗದ ಇಲ್ಲದಿದ್ದರೆ, ಬರುತ್ತದೆ.

ಅಣ್ಣಂದಿರ ವಾದಕ್ಕೂ ಒಂದು ಕಾಲದಲ್ಲಿ ಬಲವಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 1994ರ ಕರ್ನಾಟಕ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ಆದರೆ ಬೆಳಗಾವಿಯಲ್ಲೇ 1992ರಲ್ಲಿ ಹೂಡಿದ ಫುಲವತಿ ದಾವೆಯಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೊಸ ತೊಡಕು ತಂದಿತು: ಆ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆಯೂ ಬದುಕಿರಬೇಕು! 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಇರಬೇಕಿಲ್ಲ.

ಇನ್ನು ವಾಟ್ನಿ. 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿ ಇದ್ದರೆ ಅದನ್ನು ಅಲುಗಾಡಿಸಲಾಗದು. ಬಾಯಿಮಾತಿನದನ್ನು ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲವಿದ್ದಾಗ, ಅದೂ ಅಪರೂಪಕ್ಕೆ, ಕೋರ್ಟು ಒಪ್ಪುತ್ತದೆ. ಹಾಗಾಗಿ ಈ ಅಕ್ಕ ಮೊದಲು ಹಳೆಯ ಉತಾರ, ವಾರಸಾ ವರ್ದಿಯ ನಕಲು ತೆಗೆಸಬೇಕು. ಪಂಚಮಿಗೆ ಕರೆದು, ಸೀರೆ ಉಡಿಸಿ, ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಅಂಥ ಪತ್ರ ನೋಂದಣಿಯಾಗಿದೆಯೇ ಎಂಬುದನ್ನೂ ನೋಡಿಕೊಳ್ಳಲಿ.

ತಡ ಬೇಡ. ಪಾಲಿನಿಂದ ಹೊರಗಿಟ್ಟದ್ದು ತಿಳಿದ ದಿನದಿಂದ ದಾವೆಗೆ 12 ವರ್ಷದ ಮಿತಿ.